ಸಾಹೇಬ್ರಿಗೆ ನಮ್ಮ ಗುರ್ತು ಐತಿ

ಶಾಸಕರನ್ನು ನೋಡಬೇಕೆಂದರೆ ಬೆಂಗಳೂರಿನವರು ವಿಧಾನಸೌಧಕ್ಕೆ ಪಾಸು ಮಾಡಿಸಬೇಕಂತೆ. ನಮ್ಮ ಕಡೆ ಒಂದು ಲಗ್ನಪತ್ರಿಕೆ ಇದ್ದರೆ ಸಾಕು. ಬೈಲಹೊಂಗಲದ ಯಾವ ಕಲ್ಯಾಣ ಮಂಟಪ ಹೊಕ್ಕರೂ ಹನ್ನೆರಡೂವರೆ ಸುಮಾರಿಗೆ ಒಬ್ಬ ಹಾಲಿಯೋ, ಮಾಜಿಯೋ, ಮುಂದೆ ಆಗುವವರೋ ಸಿಕ್ಕೇ ಸಿಗುತ್ತಾರೆ. ಹಾಲಿಯವರು ಸಿಕ್ಕರೆ ನಾವು ಕೈ ಮುಗಿಯುತ್ತೇವೆ. ಮಾಜಿಯವರು ಸಿಕ್ಕರೆ ಮಾತಾಡಿಸುತ್ತೇವೆ. ಮುಂದೆ ಆಗುವವರು ಸಿಕ್ಕರೆ ಅವರೇ ನಮ್ಮ ಕೈ ಹಿಡಿದುಕೊಂಡು ಬಿಡುವುದಿಲ್ಲ. ಅಲ್ಲೇನ್ರಿ ಅಕ್ಕಾರ?

ಇಲೆಕ್ಷನ್‌ಗೂ ಲಗ್ನಕ್ಕೂ ಯಾರು ಗಂಟು ಹಾಕಿದರೋ ಏನೋ. 2013ರಲ್ಲಿ ಮೇ 5, 2018ರಲ್ಲಿ ಮೇ 12, 2023ರಲ್ಲಿ ಮೇ 10. ಮತದಾನ ಬಿದ್ದದ್ದೆಲ್ಲ ನಟ್ಟನಡು ಹಂಗಾಮಿನಲ್ಲೇ. ಹೆಣ್ಣಿನ ಕಡೆಯವರಿಗೆ ಮಾದಲಿ ಸಾಲುತ್ತದೋ ಇಲ್ಲವೋ ಅನ್ನುವ ಚಿಂತೆಯ ಜೊತೆಗೆ, ಎಲ್ಲ ಪಾರ್ಟಿಯವರೂ ಒಮ್ಮೆಲೇ ಬಂದರೆ ಯಾರನ್ನು ಎಲ್ಲಿ ಕೂಡ್ರಿಸುವುದು ಅನ್ನುವುದು ಬೇರೆ. ನಮ್ಮ ಬಳಗದ ಒಂದು ಮದುವೆಯಲ್ಲಿ ಹಾಗೇ ಆಯಿತು. ಒಬ್ಬರು ಸ್ಟೇಜಿನ ಎಡಗಡೆಯಿಂದ ಹತ್ತಿದರು, ಇನ್ನೊಬ್ಬರು ಬಲಗಡೆಯಿಂದ. ನಡುವೆ ಮದುಮಕ್ಕಳು. ಇಬ್ಬರೂ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಎದುರುಬದುರು ನಿಂತಾಗ ಫೋಟೋದವನಿಗೆ ಯಾರ ಕಡೆ ಕ್ಯಾಮೆರಾ ತಿರುವಬೇಕೆಂದು ತಿಳಿಯಲಿಲ್ಲ. ಪಾಪ, ಸ್ವಾಮಿಗಳ ಫೋಟೋ ತೆಗೆಯುತ್ತಾ ನಿಂತ. ಅಜ್ಜಾರಿಗೆ ಭಾಳ ಸಂತೋಷವಾಯಿತು ಅಂತ ಕಾಣುತ್ತದೆ, ಆಶೀರ್ವಚನ ಮತ್ತೂ ಕಾಲು ತಾಸು ಮುಂದುವರಿಯಿತು. ಅಷ್ಟೊತ್ತಿಗೆ ಇಬ್ಬರ ಅಂಗೈಯಲ್ಲೂ ಅಕ್ಕಿಕಾಳು ಬೆವರಿಗೆ ಅಂಟಿ ಹೋಗಿ, ಹಾಕುವ ಹೊತ್ತಿಗೆ ಒಂದು ಕಾಳೂ ಕೆಳಗೆ ಬೀಳಲೊಲ್ಲದು. ಮದುಮಗ ನಕ್ಕ. ಮದುಮಗಳು ನಕ್ಕಳು. ಕಡೆಗೆ ಸಾಹೇಬರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಹೊರಗೆ ಇಬ್ಬರ ಹುಡುಗರೂ ಗಾಡಿ ಪಾರ್ಕಿಂಗಿನ ಸಲುವಾಗಿ ಜಗಳ ತೆಗೆದಿದ್ದರು, ಅದು ಒಳಗಿದ್ದವರಿಗೆ ಗೊತ್ತೇ ಇಲ್ಲ.

ಸಾಹೇಬರು ಬರುವ ರೀತಿಯನ್ನು ನೀವು ಗಮನಿಸಿ ನೋಡಿದ್ದೀರೋ ಇಲ್ಲವೋ. ಮೊದಲು ಬರುವುದು ಅವರಲ್ಲ, ಅವರ ಸೆಂಟಿನ ವಾಸನೆಯೂ ಅಲ್ಲ. ಮೊದಲು ಒಬ್ಬ ಹುಡುಗ ಓಡುತ್ತಾ ಬಂದು ಮುಂದಿನ ಸಾಲಿನ ಕುರ್ಚಿ ಖಾಲಿ ಮಾಡಿಸುತ್ತಾನೆ. ಮುಂದಿನ ಸಾಲಿನಲ್ಲಿ ಯಾವಾಗಲೂ ಕಿವಿ ಕೇಳದ ಮುದುಕರೇ ಕೂತಿರುತ್ತಾರೆ, ಅವರಿಗೆ ಇವನ ಮಾತು ತಿಳಿಯುವುದಿಲ್ಲ. ಆಮೇಲೆ ಮೈಕಿನವನು ಬ್ಯಾಂಡು ನಿಲ್ಲಿಸಿ, "ಇದೀಗ ಮಾನ್ಯರು ಆಗಮಿಸಿರುತ್ತಾರೆ" ಅಂತ ಹೇಳುತ್ತಾನೆ. ಆಮೇಲೆ ಮೊಬೈಲ್ ಹಿಡಿದು ಹಿಂದೆ ಹಿಂದೆ ನಡೆಯುವ ಸ್ಟೇಟಸ್ ಹುಡುಗರು. ಆಮೇಲೆ ಗನ್‌ಮ್ಯಾನ್, ಅವನ ಕಣ್ಣೆಲ್ಲ ಊಟದ ಹಾಲಿನ ಕಡೆಗೇ. ಎಲ್ಲಕ್ಕೂ ಹಿಂದೆ, ಬಿಳಿ ಅಂಗಿಯಲ್ಲಿ, ಸಾಹೇಬರು.

ಅವರ ಕಿವಿಯ ಹತ್ತಿರ ಒಬ್ಬ ಪಿಎ ಇರುತ್ತಾನಲ್ಲ, ನಿಜವಾದ ಕೆಲಸದ ಮನುಷ್ಯ ಅವನು. ಬಾಯಿ ಅಲುಗಾಡಿಸದೆ ಮಾತಾಡುವ ಕಲೆ ಅವನಿಗೆ ಎಲ್ಲಿಂದ ಬಂತೋ. "ಧಣೇರ, ಬಲಕ್ಕ ನಿಂತಾವ್ರು ಸಂಪಗಾಂವ ರೋಡಿನ ಮಾಸ್ತರ ಮಗ" ಅಂತ ಅವನು ಅನ್ನುವುದೂ, ಸಾಹೇಬರು ಬಲಕ್ಕೆ ತಿರುಗಿ "ಏನಪಾ, ಮಾಸ್ತರ ಆರಾಮ ಅದಾರ?" ಅಂತ ಹೆಗಲ ಮೇಲೆ ಕೈ ಹಾಕುವುದೂ ಒಂದೇ ಉಸುರಿನಲ್ಲಿ ಆಗುತ್ತದೆ. ಒಮ್ಮೆ ಹೀಗೆ ಕೇಳಿದ್ದಕ್ಕೆ ಆ ಹುಡುಗ, "ಅಪ್ಪಾರು ತೀರ್ಕೊಂಡ್ರಲ್ರಿ, ನೀವ ಮಣ್ಣಿಗೆ ಬಂದಿದ್ರಿ" ಅಂದುಬಿಟ್ಟ. ಸುತ್ತ ನಿಂತ ನಮಗೆಲ್ಲ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ಮಾತ್ರ ಕೈ ತೆಗೆಯಲಿಲ್ಲ. "ಅದಕ್ಕ ಕೇಳಿದ್ನೆಪಾ. ಪುಣ್ಯಾತ್ಮ, ಅಲ್ಲೆ ಆರಾಮ ಇರ್ತಾರ ಬಿಡು" ಅಂದರು. ಹೆಸರು ಯಾಕೆ ಬಿಡ್ರಿ. ಆ ಹುಡುಗ ಇವತ್ತಿಗೂ ಅವರ ಪಾರ್ಟಿಯವನೇ.

ನನಗನ್ನಿಸುವುದು ಇಷ್ಟು. ನಮ್ಮ ಜನಕ್ಕೆ ಸಾಹೇಬರಿಂದ ಕೆಲಸ ಆಗಬೇಕು, ಇಲ್ಲ ಅನ್ನುವುದಿಲ್ಲ. ರಸ್ತೆ ಬೇಕು, ಗಟಾರ ಬೇಕು, ಮಗಳಿಗೆ ಬದಲಿ ಬೇಕು. ಆದರೆ ಅದಕ್ಕಿಂತ ಮೊದಲು, ನಾಲ್ಕು ಜನರ ಎದುರಿಗೆ ಅವರು ನಮ್ಮ ಗುರ್ತು ಹಿಡಿಯಬೇಕು. ಗುರ್ತು ಹಿಡಿದರೆ ಅರ್ಧ ಕೆಲಸ ಆದ ಹಾಗೆ, ಉಳಿದರ್ಧ ಆಗದಿದ್ದರೂ ನಡೆಯುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದರಲ್ಲಿ ನಮ್ಮ ಓಣಿಗೆ ಎಷ್ಟು ಬಂತು ಅಂತ ಯಾರೂ ಲೆಕ್ಕ ಇಟ್ಟದ್ದು ನಾನು ಕಾಣೆ. ಸಾಹೇಬರು ಬಜಾರಿನಲ್ಲಿ ಗಾಡಿ ನಿಲ್ಲಿಸಿ ಗ್ಲಾಸು ಇಳಿಸಿ ಯಾರ ಹೆಸರು ಹಿಡಿದು ಕರೆದರು ಅನ್ನುವುದು ಮಾತ್ರ ಸಂಜೆಯೊಳಗೆ ಊರಿಗೆಲ್ಲ ಗೊತ್ತು.

ಈ ಗುರ್ತು ಅನ್ನುವುದು ನಮ್ಮಲ್ಲಿ ಹೊಲ ಇದ್ದ ಹಾಗೆ, ಅಪ್ಪನಿಂದ ಮಗನಿಗೆ ಬರುತ್ತದೆ. ಬರಬೇಕಾದದ್ದೇ, ಯಾಕೆಂದರೆ ಆ ಕಡೆಯೂ ಅಪ್ಪ ಮಗನೇ ಇರುತ್ತಾರೆ. ಬೈಲಹೊಂಗಲದ ಮಹಾಂತೇಶ ಕೌಜಲಗಿಯವರ ತಂದೆ ಶಿವಾನಂದ ಕೌಜಲಗಿಯವರು ಮಂತ್ರಿಯಾಗಿದ್ದವರು. ರಾಮದುರ್ಗದ ಅಶೋಕ ಪಟ್ಟಣರ ತಂದೆ ಮಹಾದೇವಪ್ಪ ಪಟ್ಟಣರು ಸ್ವಾತಂತ್ರ್ಯ ಹೋರಾಟಗಾರರು. ಸವದತ್ತಿಯ ಕಥೆ ಇನ್ನೂ ಚೆಂದ. ಚಂದ್ರಶೇಖರ ಮಾಮನಿಯವರು ವಿಧಾನಸಭೆಯ ಉಪಸಭಾಧ್ಯಕ್ಷರಾಗಿದ್ದರು. ಅವರ ಮಗ ಆನಂದ ಮಾಮನಿಯವರು 2008, 2013, 2018ರಲ್ಲಿ ಸಾಲಾಗಿ ಗೆದ್ದು 2020ರಲ್ಲಿ ಕೂತದ್ದು ಅದೇ ಕುರ್ಚಿಯಲ್ಲಿ. ಹೀಗಿರುವಾಗ ಮುರಗೋಡದ ಕಡೆಯ ಒಬ್ಬ ಮುದುಕ, "ಇವರ ಅಪ್ಪಾರು ನಮ್ಮ ಮನ್ಯಾಗ ಉಂಡಾರ" ಅಂದರೆ ಆ ಮಾತಿಗೆ ತೂಕ ಇಲ್ಲವೇ? ಏನು ಉಂಡರು ಅಂತ ಕೇಳಿ ನೋಡಿ. ಝುಣಕದ ವಡಿ, ಎಳೆ ಸೌತಿಕಾಯಿ, ಕೆನಿಮೊಸರು, ಕಡೆಗೆ ಎಲೆ ಅಡಿಕೆ, ಒಂದನ್ನೂ ಬಿಡದೆ ಹೇಳುತ್ತಾನೆ. ಆ ಊಟ ಆಗಿ ಎಷ್ಟು ಕಾಲವಾಗಿದೆಯೋ, ಬಡಿಸಿದ ಮುದುಕಿ ಸತ್ತಿದ್ದಾಳೆ, ಉಂಡವರೂ ಇಲ್ಲ. ಝುಣಕ ಮಾತ್ರ ಇನ್ನೂ ಬಿಸಿ ಐತಿ.

ಇನ್ನು ಹೆಸರಿನ ಗದ್ದಲ. 2018ರಿಂದ 2023ರವರೆಗೆ ಬೈಲಹೊಂಗಲಕ್ಕೂ ಮಹಾಂತೇಶ, ಕಿತ್ತೂರಿಗೂ ಮಹಾಂತೇಶ. ಇಲ್ಲಿ ಕೌಜಲಗಿ, ಕಾಂಗ್ರೆಸ್. ಅಲ್ಲಿ ದೊಡ್ಡಗೌಡರ, ಬಿಜೆಪಿ. ನಮ್ಮ ಮುರಗೋಡ ಮಹಾಂತಜ್ಜನ ಪುಣ್ಯದಿಂದ ಈ ಭಾಗದ ಓಣಿಗೊಬ್ಬ ಮಹಾಂತೇಶ ಇದ್ದೇ ಇರುತ್ತಾನೆ, ಆದರೆ ಶಾಸಕರಲ್ಲೂ ಇಬ್ಬರಾದರೆ ಹೆಂಗ್ರಿ? ಎರಡೂ ಕ್ಷೇತ್ರದ ಬೀಗರು ಕೂಡಿದ ಮದುವೆಯಲ್ಲಿ "ಮಹಾಂತೇಶಣ್ಣಾರು ಬಂದ್ರು" ಅಂತ ಯಾರಾದರೂ ಕೂಗಿದರೆ ಅರ್ಧ ಮಂದಿ ಏಳುವುದು, ಅರ್ಧ ಮಂದಿ ಕೂಡುವುದು. ಅದೇ 2018ರಲ್ಲಿ ಸವದತ್ತಿಯಲ್ಲಿ ಇಬ್ಬರು ಆನಂದರು ಎದುರುಬದುರು. ಮಾಮನಿಯವರು ಬಿಜೆಪಿಯಿಂದ, ಚೋಪ್ರಾ ಅವರು ಪಕ್ಷೇತರ. ಮತ್ತೂ ಒಂದು ಮಜಾ ಅಂದರೆ ಮಾಮನಿಯವರ ಕಾಗದದ ಮೇಲಿನ ಹೆಸರು ವಿಶ್ವನಾಥ. ಊರಿಗೆ ಆನಂದ, ಸರಕಾರಕ್ಕೆ ವಿಶ್ವನಾಥ. ನಮ್ಮ ತವರಿನಲ್ಲೂ ಹೀಗೇ ಇತ್ತು. ನಮ್ಮ ಕಾಕಾನ ಸಾಲೀ ಹೆಸರು ಒಂದು, ಕರೆಯುವ ಹೆಸರು ಒಂದು. ಬ್ಯಾಂಕಿನಿಂದ ಪತ್ರ ಬಂದರೆ "ಈ ಹೆಸರಿನವ್ರು ಇಲ್ಲೆ ಯಾರೂ ಇಲ್ಲ" ಅಂತ ಕಾಕುನೇ ಪೋಸ್ಟಮನ್ನನನ್ನು ವಾಪಸು ಕಳಿಸಿದ್ದಳು. ಆಮೇಲೆ ತಿಳಿಯಿತು ಅದು ಸಾಲದ ನೋಟೀಸು ಅಂತ, ಕಾಕಾ ಅವಳಿಗೆ ಸೀರೆ ಕೊಡಿಸಿದ. ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ.

ಸತ್ಕಾರದ ಮಾತು ಹೇಳಬೇಕು. ನಮ್ಮ ಕಡೆ ಸಾಹೇಬರು ಕಂಡರೆ ಸುಮ್ಮನೆ ಬಿಡುವ ಪದ್ಧತಿ ಇಲ್ಲ, ಶಾಲು ಹಾಕಲೇಬೇಕು. ಮದುವೆಗೆ ಬಂದರೆ ಶಾಲು, ಗೃಹಪ್ರವೇಶಕ್ಕೆ ಬಂದರೆ ಶಾಲು, ಹೋಟೆಲಿನಲ್ಲಿ ಚಹಾ ಕುಡಿಯಲು ಇಳಿದರೆ ಅಲ್ಲೂ ಯಾರೋ ಓಡಿಹೋಗಿ ಎದುರಿನ ಬಟ್ಟೆ ಅಂಗಡಿಯಿಂದ ಶಾಲು ತಂದೇ ಬಿಡುತ್ತಾರೆ. ಮೇ ತಿಂಗಳ ಸುಡುಬಿಸಿಲಿನಲ್ಲಿ ಉಣ್ಣೆಯಂಥಾ ಶಾಲು ಹೊದ್ದು ನಿಲ್ಲುವುದು ಎಂಥಾ ಶಿಕ್ಷೆ ಅನ್ನುವುದು ಹಾಕುವವರಿಗೆ ತಿಳಿಯುವುದಿಲ್ಲ. ಒಂದು ಸಲ ಬಹಳ ಹತ್ತಿರದಿಂದ ನೋಡಿದೆ. ಸಾಹೇಬರು ಬಗ್ಗಿದರು, ಶಾಲು ಬಿತ್ತು, ಫೋಟೋ ಆಯಿತು, ಅವರು ಎಡಭುಜ ಸ್ವಲ್ಪ ಕೆಳಗೆ ಮಾಡಿದರು ಅಷ್ಟೇ, ಶಾಲು ತಾನಾಗಿ ಜಾರಿ ಹಿಂದೆ ನಿಂತ ಪಿಎ ಕೈಗೆ ಹೋಯಿತು. ಅವನು ನೋಡದೆಯೇ ನಾಲ್ಕು ಮಡಿಕೆ ಮಾಡಿ ಬಗಲಿಗೆ ಇಟ್ಟುಕೊಂಡ. ಇನ್ನೊಂದು ಬಂತು, ಇನ್ನೊಂದು ಜಾರಿತು. ತೆಂಗಿನಕಾಯಿಗಳು ಬೇರೆ ಒಂದು ಚೀಲಕ್ಕೆ ಹೋಗುತ್ತಿದ್ದವು. ಯಾರ ಕೈಯೂ ತಡವರಿಸಲಿಲ್ಲ.

ಅಷ್ಟು ಶಾಲುಗಳು ಕಡೆಗೆ ಎಲ್ಲಿಗೆ ಹೋಗುತ್ತವೆ? ನಾನು ಬಹಳ ಮಂದಿಯನ್ನು ಕೇಳಿದ್ದೇನೆ. ಕೆಲವರು ಮಠಕ್ಕೆ ಅಂದರು, ಕೆಲವರು ಡ್ರೈವರ ಮನೆಗೆ ಅಂದರು. ಬಜಾರಿನ ಒಬ್ಬ ಅಂಗಡಿಯವರು ಮಾತ್ರ ನಕ್ಕು, "ಬಾಯಾರ, ಶಾಲು ದುಂಡಗಿರತೈತ್ರಿ, ತಿರುಗ್ಯಾಡಿ ಮತ್ತ ನಮ್ಮ ಕಡೆನ ಬರತೈತಿ" ಅಂದರು. ನನ್ನ ಗೆಳತಿಯೊಬ್ಬಳು ನಿವೃತ್ತಳಾದಾಗ ಒಬ್ಬ ಮಾಜಿಯವರು ಬಂದು ಅವಳಿಗೆ ಶಾಲು ಹೊದಿಸಿದರು. ಮನೆಗೆ ಬಂದು ಬಿಚ್ಚಿ ನೋಡಿದರೆ ಮಡಿಕೆಯೊಳಗೆ ಒಂದು ಚೀಟಿ. ಯಾವುದೋ ಯುವಕ ಸಂಘದವರು ಅವರಿಗೆ ಹುಟ್ಟುಹಬ್ಬದ ಶುಭಾಶಯ ಕೋರಿದ್ದರು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಚೀಟಿ ತೆಗೆದಿಟ್ಟು, ಆ ಶಾಲನ್ನು ಭಾವನ ಮಗನ ನಿಶ್ಚಯದಲ್ಲಿ ಬೀಗರಿಗೆ ಹೊದಿಸಿದಳು. ಈಗ ಅದು ಗೋಕಾಕದ ಕಡೆ ಎಲ್ಲೋ ಇರಬೇಕು.

ಸಾಹೇಬರಿಗೆ ಕೊಡುವ ಮರ್ಯಾದೆ ಅಂದಮೇಲೆ ಬಸ್ಸಿನ ಸೀಟಿನ ನೆನಪು ಬಂತು ನೋಡ್ರಿ. ಹಳೆಯ ಕೆಂಪು ಬಸ್ಸುಗಳಲ್ಲಿ ಮುಂದಿನ ಸೀಟಿನ ಮೇಲೆ ಶಾಸಕರಿಗೆ, ಸಂಸದರಿಗೆ ಅಂತ ಬಣ್ಣದಲ್ಲಿ ಬರೆದಿರುತ್ತಿದ್ದರಲ್ಲ? ಸಣ್ಣವಳಿದ್ದಾಗ ನನಗೆ ಅದೇ ಒಂದು ದೊಡ್ಡ ವಿಚಾರ. ಇವತ್ತಾದರೂ ಒಬ್ಬ ಶಾಸಕ ಹತ್ತಬಹುದು, ಬಂದವರೇ "ಏಳು ತಂಗಿ, ಇದು ನನ್ನ ಸೀಟು" ಅನ್ನಬಹುದು ಅಂತ ಕಾಯುತ್ತಾ ಕೂಡುವುದು. ಒಬ್ಬರೂ ಹತ್ತಲಿಲ್ಲ. ಬನದ ಹುಣ್ಣಿಮೆಗೆ ಸವದತ್ತಿ ಬಸ್ಸು ಹತ್ತಿದರೆ ಆ ಸೀಟಿನಲ್ಲಿ ಯಾವಾಗಲೂ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಒಬ್ಬ ಮುದುಕಿ. ಹಣೆ ತುಂಬ ಭಂಡಾರ, ತೊಡೆಯ ಮೇಲೆ ಪಡ್ಡಲಗಿ, ಕಾಲ ಕೆಳಗೆ ರೊಟ್ಟಿಯ ಗಂಟು, ಬಾಯಲ್ಲಿ "ಉಧೋ ಉಧೋ". ಕಂಡಕ್ಟರ್ ಒಮ್ಮೆ ಚೇಷ್ಟೆಗೆ, "ಆಯೀ, ಅದು ಎಮ್ಮೆಲ್ಲೆ ಸಾಹೇಬ್ರ ಸೀಟ ಐತಿ" ಅಂದ. "ಅವ ಗುಡ್ಡಕ್ಕ ಬರಾವ ಇದ್ರ ಬರ್ಲಿ, ಪಡ್ಡಲಗಿ ಇಳಿಸ್ತೀನಿ" ಅಂದಳು ಮುದುಕಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲಂತೂ ಶಾಸಕರಲ್ಲ, ಕಂಡಕ್ಟರಿಗೇ ಕೂಡಲು ಜಾಗ ಇಲ್ಲ.

ಕಿತ್ತೂರಿನವರದು ನಮಗಿಂತ ಬೇರೆಯೇ ಒಂದು ತಾಪತ್ರಯ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಬೆಳಗಾವಿ ಲೋಕಸಭೆಗೆ. ಕಿತ್ತೂರು ಮಾತ್ರ ಉತ್ತರ ಕನ್ನಡಕ್ಕೆ. ಅಂದರೆ ಕಿತ್ತೂರಿನ ಗೋವಿನಜೋಳದ ರೈತನ ಸಂಸದರೂ ಕಾರವಾರದ ಮೀನುಗಾರನ ಸಂಸದರೂ ಒಬ್ಬರೇ. ಶಾಸಕರು ಬೆಳಗಾವಿ ಜಿಲ್ಲೆಯವರು, ಸಂಸದರು ಶಿರಸಿ ಕಡೆಯವರು. ಎಂಪಿ ಸಾಹೇಬರನ್ನು ಬಜಾರಿನಲ್ಲಿ ಆಕಸ್ಮಾತ್ ಭೇಟಿ ಆಗಬೇಕೆಂದರೆ ಕಿತ್ತೂರಿನವರು ಘಟ್ಟದ ಕಡೆ ನಡೆಯಬೇಕು. ಹಂಗಾಗಿ ಅಕ್ಟೋಬರ್ 23ರಿಂದ ಮೂರು ದಿನದ ಕಿತ್ತೂರು ಉತ್ಸವ ಬಂತೆಂದರೆ ಅವರಿಗೆ ಎಲ್ಲರನ್ನೂ ಒಂದೇ ಸ್ಟೇಜಿನ ಮೇಲೆ ನೋಡುವ ಯೋಗ. ಆ ಉತ್ಸವದ ಆಮಂತ್ರಣ ಪತ್ರಿಕೆ ನೋಡಿದ್ದೀರಾ? ಮಡಿಕೆ ಬಿಚ್ಚಿದಷ್ಟೂ ಹೆಸರು. ಯಾರ ಹೆಸರು ಯಾರ ಮೇಲೆ, ಯಾರದು ದಪ್ಪ ಅಕ್ಷರ, ಯಾರದು ಸಣ್ಣದು, ಇದನ್ನು ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಕೂತು ಓದುತ್ತಾರೆ. ಕಾರ್ಯಕ್ರಮ ಏನಿದೆ ಅಂತ ಮಾತ್ರ ನೋಡುವುದಿಲ್ಲ.

ನಗಬೇಡಿ, ಕಿತ್ತೂರಿಗೆ ಸರಕಾರ ಮುಖತಃ ಬರುವುದು ಹೊಸದಲ್ಲ. 1824ರ ಅಕ್ಟೋಬರ್ 23ಕ್ಕೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಬಾಗಿಲ ತನಕ ತಾನೇ ಬಂದಿದ್ದ. ಅರ್ಜಿ ಇಸಿದುಕೊಳ್ಳಲು ಅಲ್ಲ ಅನ್ನಿ. ಅಮಟೂರ ಬಾಳಪ್ಪನ ಗುಂಡಿಗೆ ಅಲ್ಲೇ ಬಿದ್ದ. ಆ ಅಮಟೂರು ಇರುವುದು ನಮ್ಮ ಬೈಲಹೊಂಗಲ ತಾಲೂಕಿನಲ್ಲಿ ಅಂತ ನಮಗೆ ಒಳಗೊಳಗೇ ಒಂದು ಜಂಬ. ರಾಣಿ ಚೆನ್ನಮ್ಮನನ್ನು ಬ್ರಿಟಿಷರು ತಂದಿಟ್ಟದ್ದೂ, ಅವಳು 1829ರಲ್ಲಿ ಕಣ್ಣು ಮುಚ್ಚಿದ್ದೂ ನಮ್ಮ ಊರಲ್ಲೇ, ಸಮಾಧಿಯೂ ಇಲ್ಲೇ. ಉತ್ಸವ ಅವರಿಗೆ, ಸಮಾಧಿ ನಮಗೆ. ಇದರ ಮೇಲೆ ಕಿತ್ತೂರಿನ ಬೀಗರಿಗೂ ನಮಗೂ ಪ್ರತಿ ಅಕ್ಟೋಬರಿನಲ್ಲಿ ಒಂದು ಸುತ್ತು ಮಾತು ಆಗಿಯೇ ತೀರುತ್ತದೆ.

ಕಿತ್ತೂರು ಅಂದಮೇಲೆ ಡಿ.ಬಿ. ಇನಾಮದಾರರ ಹೆಸರು ಬರದೆ ಇರುತ್ತದೆಯೇ. ನೇಗಿನಹಾಳದವರು, 1983ರಲ್ಲಿ ಜನತಾ ಪಕ್ಷದಿಂದ ಗೆದ್ದವರು, ಮುಂದೆ ಕಾಂಗ್ರೆಸ್ಸಿಗೆ ಬಂದು ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ ಮಂತ್ರಿಯಾದವರು. 1983ರ ಆ ಇಲೆಕ್ಷನ್ನಿನ ಜೀಪುಗಳು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿವೆ. ಜೀಪು ಧೂಳೆಬ್ಬಿಸಿಕೊಂಡು ಬಂತೆಂದರೆ ಹಿಂದಿನಿಂದ ಕರಪತ್ರ ತೂರುತ್ತಿದ್ದರು, ಕೆಂಪು, ಹಳದಿ, ಹಸಿರು. ನಾವು ಹುಡುಗರು ಅದರ ಹಿಂದೆ ಓಡುವುದು. ಯಾರ ಪಾರ್ಟಿ ಅನ್ನುವುದು ಯಾರಿಗೆ ಬೇಕಿತ್ತು, ಒಂದು ಬದಿ ಖಾಲಿ ಇದ್ದರೆ ಲೆಕ್ಕ ಮಾಡಲು ಬರುತ್ತಿತ್ತು. ನೇಗಿಲು ಹೊತ್ತ ರೈತನ ತಗಡಿನ ಬಿಲ್ಲೆ ಸಿಕ್ಕವನು ಆ ದಿನದ ಸಾಹುಕಾರ. ಇನಾಮದಾರರು ತೀರಿಕೊಂಡದ್ದು 2023ರ ಏಪ್ರಿಲ್‌ನಲ್ಲಿ, ಪ್ರಚಾರದ ನಟ್ಟನಡುವೆ. ಆ ಸಲ ಮೈಕು ಹಚ್ಚಿಕೊಂಡು ತಿರುಗುತ್ತಿದ್ದ ಗಾಡಿಗಳು ಒಂದೆರಡು ದಿನ ದನಿ ತಗ್ಗಿಸಿಕೊಂಡು ಓಡಾಡಿದವು ಅಂತ ನಮ್ಮ ಕಿತ್ತೂರಿನ ಬೀಗರು ಹೇಳಿದರು.

ಮಣ್ಣಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮದುವೆಗೆ ಬರದಿದ್ದರೆ ನಮ್ಮ ಜನ ಸಿಟ್ಟಾಗುತ್ತಾರೆ, ಎರಡು ತಿಂಗಳಿಗೆ ಮರೆಯುತ್ತಾರೆ. ಮಣ್ಣಿಗೆ ಬರದಿದ್ದರೆ ಮರೆಯುವುದಿಲ್ಲ. ಅದಕ್ಕೇ ನೋಡ್ರಿ, ಹಾಲಿ ಮಾಜಿ ಯಾರೇ ಆಗಲಿ ಸತ್ತ ಸುದ್ದಿ ಕಿವಿಗೆ ಬಿದ್ದರೆ ಬೆಳಗಾವಿಯಲ್ಲಿದ್ದರೂ ಗಾಡಿ ತಿರುವುತ್ತಾರೆ. ಅಲ್ಲಿ ಶಾಲು ಇಲ್ಲ, ಮೈಕು ಇಲ್ಲ, ಸ್ಟೇಟಸ್ ಹುಡುಗರೂ ಮೊಬೈಲು ಕಿಸೆಯಲ್ಲಿಡುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಹೆಣದ ಎದುರು ಕೈ ಮುಗಿದು, ಭಜನೆಯವರ ಪಕ್ಕ ಜಮಖಾನೆಯ ಮೇಲೆ ಕೂಡುತ್ತಾರೆ. ಯಾರೂ ಅವರಿಗೆ ಕುರ್ಚಿ ಹಾಕುವುದಿಲ್ಲ, ಹಾಕಬಾರದು ಕೂಡ. ನಮ್ಮ ಅತ್ತೆಯವರು ತೀರಿದಾಗ ಹಾಗೆ ಬಂದು ಕೂತ ಒಬ್ಬರು ಏನೂ ಮಾತಾಡಲಿಲ್ಲ. ಎದ್ದು ಹೋಗುವಾಗ ನಮ್ಮ ಮನೆಯವರ ಕೈ ಒತ್ತಿದರು, ಅಷ್ಟೇ. ನಮ್ಮ ಮನೆಯವರು ಬೇರೆ ಪಾರ್ಟಿಯವರು, ಇವತ್ತಿಗೂ ಅದೇ ಪಾರ್ಟಿಯವರು. ಆದರೆ ಟಿವಿಯಲ್ಲಿ ಆ ಸಾಹೇಬರನ್ನು ಯಾರಾದರೂ ಬೈದರೆ ಚಾನಲ್ ಬದಲಿಸುತ್ತಾರೆ.

ರಾಮದುರ್ಗದಲ್ಲಿ ನೇಕಾರಿಕೆ ಮಾಡುವ ನಮ್ಮ ದೂರದ ಸಂಬಂಧಿಯೊಬ್ಬರು ಇದ್ದಾರೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟು ಮಲಪ್ರಭಾ ಊರೊಳಗೆ ಬಂದಳಲ್ಲ, ಆಗ ಅವರ ಮಗ್ಗ ಮುಳುಗಿತು, ಅರ್ಧ ನೇಯ್ದ ಸೀರೆ ಕೆಸರಾಯಿತು. ಆ ವಾರ ಎಲ್ಲ ಪಾರ್ಟಿಯ ಸಾಹೇಬರೂ ಪ್ಯಾಂಟು ಮೊಣಕಾಲಿಗೆ ಏರಿಸಿಕೊಂಡು ಓಣಿ ಓಣಿ ತಿರುಗಿದರಂತೆ. "ಅಷ್ಟ ವರ್ಷ ಕೈ ನೋಡಿದ್ದೆ, ಕಾಲು ನೋಡಿದ್ದು ಅವತ್ತ" ಅಂದರು ಅವರು. ಕಷ್ಟದ ಮಾತನ್ನೂ ಹೀಗೆ ಹೇಳಿ ನಗಿಸುವುದು ಆ ಊರಿನವರಿಗೇ ಬರುವುದು.

ಕೆಲಸ ಕೇಳುವ ವಿಷಯಕ್ಕೆ ಬರೋಣ. ನಮ್ಮ ಮನೆಯವರು ಒಂದು ಸಲ ಊಟದ ಪಂಕ್ತಿಯಲ್ಲಿ ಹಾಲಿ ಸಾಹೇಬರ ಪಕ್ಕದ ಎಲೆಗೇ ಬಿದ್ದರು. ಓಣಿಯ ಗಟಾರದ ಮಾತನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿಕೊಂಡಿದ್ದವರು. ಎದುರಿನ ಸಾಲಿನಲ್ಲಿ ಕೂತು ನಾನು ಕಣ್ಣು ಮಾಡಿದೆ. ಸಾಹೇಬರು ವಾಚು ಮೇಲಕ್ಕೇರಿಸಿಕೊಂಡು, ರೊಟ್ಟಿ ಮುರಿದು, ಬಡಿಸಿದ ಮಾದಲಿಯನ್ನು ಮೆಲ್ಲಗೆ ಹಪ್ಪಳದ ಕೆಳಗೆ ಸರಿಸಿದರು. ಸಕ್ಕರೆ ಕಾಯಿಲೆ ಇರಬೇಕು, ನಮ್ಮ ಮನೆಯವರಿಗೂ ಇದೆ, ಅವರೂ ಸರಿಯಾಗಿ ಅದನ್ನೇ ಮಾಡುತ್ತಿದ್ದರು. ಇಬ್ಬರ ಕಣ್ಣೂ ಕೂಡಿತು. "ಎಷ್ಟೈತಿ?" ಅಂದರು ಸಾಹೇಬರು. "ಉಂಡ ಮ್ಯಾಲ ಎರಡನೂರಾ ಹತ್ತರಿ" ಅಂದರು ಇವರು. ಅಲ್ಲಿಂದ ಮಾತು ಮೆಂತ್ಯಕ್ಕೆ ಹೋಯಿತು, ಹಾಗಲಕಾಯಿ ರಸಕ್ಕೆ ಹೋಯಿತು, ಹುಬ್ಬಳ್ಳಿಯ ಯಾವುದೋ ಡಾಕ್ಟರಿಗೆ ಹೋಯಿತು. ಗಟಾರಕ್ಕೆ ಬರಲೇ ಇಲ್ಲ. ಆಮೇಲೆ ಬಜಾರಿನಲ್ಲಿ ಆ ಗಾಡಿ ಸಿಕ್ಕಿದರೆ ಗ್ಲಾಸು ಇಳಿಯುತ್ತದೆ, "ಮಾಸ್ತರ, ಎಷ್ಟ ಬಂತು?" ಅಂತ ಒಳಗಿನಿಂದ ಕೇಳುತ್ತಾರೆ. ಇವರು ಬೆರಳು ತೋರಿಸುತ್ತಾರೆ. ನೋಡಿದವರೆಲ್ಲ ಮಾಸ್ತರು ಏನೋ ದೊಡ್ಡ ವ್ಯವಹಾರ ಹಚ್ಚಿದ್ದಾರೆ ಅಂದುಕೊಂಡಿದ್ದಾರೆ. ಒಬ್ಬರಂತೂ ಮಗನ ನೌಕರಿಗೆ ಇವರ ಕೈಯಲ್ಲಿ ಅರ್ಜಿಯನ್ನೇ ಕೊಟ್ಟು ಹೋದರು!

2023ರಲ್ಲಿ ನಾಲ್ಕೂ ಕ್ಷೇತ್ರ ಕಾಂಗ್ರೆಸ್ಸಿಗೆ ಹೋದವು. ಬೈಲಹೊಂಗಲಕ್ಕೆ ಕೌಜಲಗಿ, ಕಿತ್ತೂರಿಗೆ ಬಾಬಾಸಾಹೇಬ ಪಾಟೀಲ, ಸವದತ್ತಿಗೆ ವಿಶ್ವಾಸ ವೈದ್ಯ, ರಾಮದುರ್ಗಕ್ಕೆ ಅಶೋಕ ಪಟ್ಟಣ. ಒಂದೇ ಪಾರ್ಟಿಯವರಾದ್ದರಿಂದ ಮದುವೆ ಸ್ಟೇಜಿನಲ್ಲಿ ಎಡ ಬಲ ಅಂತ ತಲೆ ಕೆಡಿಸಿಕೊಳ್ಳುವುದು ತಪ್ಪಿತು ಅಂದುಕೊಂಡರೆ, ಮಾಜಿಗಳ ಸಂಖ್ಯೆ ಹೆಚ್ಚಾಯಿತಲ್ಲ. ಮಾಜಿಯವರ ಜೊತೆ ಹರಟೆ ಹೊಡೆಯುವ ಸುಖ ಹಾಲಿಯವರ ಹತ್ತಿರ ಇಲ್ಲ, ಇದು ನನ್ನ ಸ್ವಂತ ಅಭಿಪ್ರಾಯ. ಅವರ ಹತ್ತಿರ ಹೊತ್ತು ಇರುತ್ತದೆ. ಕಟಿಂಗ್ ಅಂಗಡಿಯಲ್ಲಿ ಪೇಪರು ಓದುತ್ತಾ ಪಾಳಿ ಕಾಯುತ್ತಾರೆ. ಕಿರಾಣಿ ಅಂಗಡಿಯಲ್ಲಿ ಶೇಂಗಾ ಕೈಯಲ್ಲಿ ಹಿಡಿದು ಒಂದು ಕಾಳು ಬಾಯಿಗೆ ಹಾಕಿ, "ಈ ಸಲ ಶೇಂಗಾ ಜೊಳ್ಳ ಬಂದಾವ" ಅನ್ನುತ್ತಾರೆ. ಪಿಎ ಇಲ್ಲದೆ ಹೆಸರು ನೆನಪಾಗುವುದಿಲ್ಲ, ಅದಕ್ಕೆ ಎಲ್ಲರಿಗೂ "ಏನವಾ", "ಏನಪಾ" ಅಂತ ಒಂದೇ ಅಳತೆ. ಪಾಪ ಅನ್ನಿಸುತ್ತದೆ. ಮುಂದಿನ ಇಲೆ‍ಕ್ಷನ್ನಿಗೆ ಆರು ತಿಂಗಳಿದೆ ಅಂದಾಗ ಮತ್ತೆ ಹೆಸರು ನೆನಪಾಗುತ್ತವೆ, ಅದು ಬೇರೆ ಮಾತು.

ಇವರೆಲ್ಲ ದೊಡ್ಡವರಾದರು. ದಿನಾ ಬೆಳಗಾದರೆ ಕಣ್ಣಿಗೆ ಬೀಳುವ ರಾಜಕಾರಣಿ ಅಂದರೆ ನಮ್ಮ ವಾರ್ಡಿನ ಮೆಂಬರ್. ಅವನಿಗೆ ಗನ್‌ಮ್ಯಾನೂ ಇಲ್ಲ, ಗಾಡಿಯ ಗ್ಲಾಸೂ ಇಲ್ಲ, ಇರುವುದೊಂದು ಸ್ಪ್ಲೆಂಡರ್. ನಾವು ಅವನಿಗೆ ಸಾಹೇಬ ಅನ್ನುವುದೂ ಇಲ್ಲ, ಚೊಣ್ಣ ಹಾಕಿಕೊಂಡು ಗೋಲಿ ಆಡುವುದನ್ನು ನೋಡಿದವರು ಹೇಗೆ ಅನ್ನಲಿಕ್ಕೆ ಬರುತ್ತದೆ? ಆರಿಸಿ ಬಂದ ಹೊಸದರಲ್ಲಿ ಬೆಳಿಗ್ಗೆ ಹೆಗಲಿಗೆ ಟಾವೆಲ್ ಹಾಕಿಕೊಂಡು ಹಾಲಿಗೆ ಬರುತ್ತಿದ್ದ. ಡೈರಿಯ ಮುಂದೆ ನಿಂತ ಹೆಂಗಸರು ಬಿಡುತ್ತಾರೆಯೇ? ಒಬ್ಬಳು ನಳದ ಮಾತು ತೆಗೆದರೆ ಒಬ್ಬಳು ಲೈಟಿನ ಕಂಬದ್ದು, ಒಬ್ಬಳು ಎದುರು ಮನೆಯ ನಾಯಿಯದು. ಹಾಲು ಇಸಿದುಕೊಂಡು ಮನೆ ಮುಟ್ಟುವುದರೊಳಗೆ ಎಂಟು ಹೊಡೆಯುತ್ತಿತ್ತು, ಹಾಲೂ ಒಡೆಯುತ್ತಿತ್ತು. ಕೆಲವು ದಿನ ಡೈರಿ ಬದಲಿಸಿ ನೋಡಿದ. ಆ ಓಣಿಯವರು ಇನ್ನೂ ಜೋರು.

ಈಗ ಹಾಲಿಗೆ ಅವರವ್ವ ಬರುತ್ತಾಳೆ. ಮೊದಲನೇ ದಿನ ಯಾರೋ, "ಯಕ್ಕಾ, ನಿನ್ನ ಮಗಗ ಹೇಳ, ನಮ್ಮ ಸಂದ್ಯಾಗ ಲೈಟ ಹತ್ತವಲ್ದು" ಅಂದರು. ಮುದುಕಿ ಕ್ಯಾನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, "ಹೇಳ್ತೀನೆವಾ, ಹೇಳಾಕ ಏನ. ನೀ ಮನಿಪಟ್ಟಿ ತುಂಬೀಯೇನ?" ಅಂದಳು. ಅಷ್ಟೇ. ಅಲ್ಲಿ ನಿಂತವರಿಗೆಲ್ಲ ಒಮ್ಮೆಲೇ ಒಲೆಯ ಮೇಲೆ ಇಟ್ಟದ್ದು ನೆನಪಾಯಿತು. ಮೆಂಬರನ ಮನೆಗೆ ಈಗ ಆರೂಕಾಲಕ್ಕೆಲ್ಲ ಹಾಲು ಮುಟ್ಟುತ್ತದೆ. ಬರುವ ಇಲೆಕ್ಷನ್ನಿಗೆ ಮುದುಕಿಯನ್ನೇ ನಿಲ್ಲಿಸಬೇಕು ಅಂತ ಓಣಿಯ ಗಂಡಸರು ಕಟ್ಟೆಯ ಮೇಲೆ ಮಾತಾಡಿಕೊಳ್ಳುತ್ತಿದ್ದಾರೆ, ಮನೆಪಟ್ಟಿ ತುಂಬಿದವರು ಇಬ್ಬರು ಮಾತ್ರ ದನಿ ಎತ್ತಿ ಮಾತಾಡುತ್ತಾರೆ.